ಹಳೆ ಮದುವೆ ಸಿಡಿಯ ‘ಡ್ಯಾಟ್’ ಫೈಲಿನಿಂದ ಫೋಟೋ ಬಿಡಿಸುವುದು ಹೇಗೆ?

ಕಳೆದ ದೀಪಾವಳಿಗೆ ಬೆಟಗೇರಿಯಿಂದ ನಮ್ಮ ಅತ್ತೆ ಹುಬ್ಬಳ್ಳಿಗೆ ಬಂದಿದ್ದರು. ಚಹಾ ಕುಡಿದಾದ ಮೇಲೆ ಚೀಲದಿಂದ ಒಂದು ಸಿಡಿ ತೆಗೆದು ನನ್ನ ಕೈಗೆ ಕೊಟ್ಟರು. "ಇದು ಮಗಳ ಮದುವೀದು. ಟಿವಿಯಾಗೂ ಬರವಲ್ದು, ಕಂಪ್ಯೂಟರಿನಾಗೂ ಬರವಲ್ದು. ಏನರ ಆಗ್ತದೇನು ನೋಡಪಾ" ಎಂದರು. 2007ರಲ್ಲಿ ಗದಗಿನಲ್ಲಿ ಆದ ಮದುವೆ ಅದು. ಅಚ್ಚು ಹಾಕಿಸಿದ ಆಲ್ಬಂ ಮಳೆ ನೀರು ಬಿದ್ದು ಹಾಳಾಗಿತ್ತು. ಫೋಟೋ ತೆಗೆದ ಸ್ಟುಡಿಯೋ ಮುಚ್ಚಿ ಎಷ್ಟೋ ವರ್ಷ ಆಗಿದೆ. ಹಾಗಾಗಿ ಉಳಿದಿದ್ದು ಈ ಸಿಡಿ ಒಂದೇ.

ಒಳಗೆ ನೋಡಿದರೆ 214 ಫೈಲು. ಎಲ್ಲದರ ಹೆಸರೂ ‘ಡ್ಯಾಟ್’ ಎಂದು ಮುಗಿಯುತ್ತದೆ. ಜೊತೆಗೆ ಆಲ್ಬಂ ತೋರಿಸುವ ಒಂದು ಸಣ್ಣ ಪ್ರೋಗ್ರಾಂ. ಅದು ಹೊಸ ವಿಂಡೋಸ್‌ನಲ್ಲಿ ತೆರೆಯಲೇ ಇಲ್ಲ. ಒಂದು ಫೈಲಿನ ಹೆಸರನ್ನು ಜೆಪೆಗ್ ಎಂದು ಬದಲಾಯಿಸಿ ನೋಡಿದೆ. ಚಿತ್ರ ಬರಲಿಲ್ಲ.

ಆ ಕಾಲದಲ್ಲಿ ಹೀಗೆ ಮಾಡುವುದಕ್ಕೆ ಕಾರಣ ಇತ್ತು. ಫೋಟೋ ನೇರವಾಗಿ ಸಿಕ್ಕರೆ ಗಿರಾಕಿ ಬೇರೆ ಕಡೆ ಪ್ರಿಂಟ್ ಹಾಕಿಸಿಕೊಳ್ಳುತ್ತಾನೆ, ಅಲ್ವಾ? ಅದಕ್ಕೇ ಚಿತ್ರಕ್ಕೆ ಒಂದು ಮುಸುಕು ಹಾಕಿ ಕೊಡುತ್ತಿದ್ದರು. ಇದು ಗಟ್ಟಿ ಬೀಗ ಅಲ್ಲ, ಬರೀ ಮುಸುಕು. ಒಳಗೆ ಫೋಟೋ ಪೂರ್ತಿ ಇದೆ, ಒಂದು ಚುಕ್ಕೆಯೂ ಕಳೆದಿಲ್ಲ. ಮುಸುಕು ಎಂಥದ್ದು ಎಂದು ಮೊದಲು ಕಣ್ಣಿನಿಂದ ನೋಡಿ, ಆಮೇಲೆ ಕೋಡ್ ಬರೆದರೆ ಒಂದು ಸಂಜೆಯ ಕೆಲಸ. ನೋಡದೆ ಕೋಡ್ ಬರೆಯಲು ಕೂತರೆ ಒಂದು ವಾರ ಸಾಲದು.

ಪೈಥಾನ್ ಭಾಷೆಯಲ್ಲಿ ಸ್ವಲ್ಪ ಕೈಯಾಡಿಸಿದವರಿಗೆ ಈ ಲೇಖನ. ಫೈಲ್ ಓದುವುದು, ಬರೆಯುವುದು, ಲೂಪ್ ಹಾಕುವುದು ಗೊತ್ತಿದ್ದರೆ ಸಾಕು.

ಶುರು ಮಾಡುವ ಮುಂಚೆ ಒಂದು ಮಾತು. ನಿಮ್ಮದೇ ಫೋಟೋ ಅಥವಾ ಕೇಳಿಕೊಂಡು ನಿಮ್ಮ ಹತ್ತಿರ ಬಂದವರ ಫೋಟೋ ಮಾತ್ರ ಬಿಡಿಸಿ. ಮದುವೆ ಫೋಟೋ ವಿಷಯದಲ್ಲಿ ಕಾನೂನು ಮನೆಯವರ ಕಡೆಗಿದೆ. ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದ್ದು ಎಂದು 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಬೇರೆಯವರ ಫೋನಿನಿಂದಲೋ ಕಂಪ್ಯೂಟರಿನಿಂದಲೋ ಎತ್ತಿಕೊಂಡು ಬಂದ ಫೈಲಿಗೆ ಈ ಮಾತು ಅನ್ವಯಿಸುವುದಿಲ್ಲ. ಅಂಥದ್ದನ್ನು ಮುಟ್ಟಬೇಡಿ.

ಮೊದಲು ಸಿಡಿ ಉಳಿಸಿ

ಹಳೆ ಸಿಡಿಯನ್ನು ಮತ್ತೆ ಮತ್ತೆ ತಿರುಗಿಸಬೇಡಿ. ಒಂದೇ ಸಲ ಪೂರ್ತಿ ಕಾಪಿ ಮಾಡಿಕೊಳ್ಳಿ. ಮೆತ್ತನೆ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಿದರೆ ಬೀಳುವ ಗೀರು ಒಂದೇ ಸಾಲಿನ ಮಾಹಿತಿಯನ್ನು ಉದ್ದಕ್ಕೂ ಕೆಡಿಸುತ್ತದೆ. ಅಡ್ಡ ಗೀರು ಅಷ್ಟು ಹಾನಿ ಮಾಡುವುದಿಲ್ಲ.

ಕಾಪಿ ನಡುವೆ ನಿಂತು ಹೋದರೆ ಲಿನಕ್ಸ್‌ನಲ್ಲಿ ಡಿಡಿ-ರೆಸ್ಕ್ಯೂ ಎಂಬ ಉಚಿತ ಸಾಧನ ಇದೆ. ಓದಲು ಬರುವ ಭಾಗವನ್ನೆಲ್ಲ ಮೊದಲು ತೆಗೆದುಕೊಂಡು, ಆಮೇಲೆ ಕೆಟ್ಟ ಭಾಗಕ್ಕೆ ವಾಪಸ್ ಬಂದು ಪ್ರಯತ್ನ ಮಾಡುತ್ತದೆ. ಡ್ರೈವ್ ಬದಲಾಯಿಸಿ ನೋಡುವುದೂ ಒಳ್ಳೆಯದು. ಒಂದು ಡ್ರೈವ್ ಓದದ ಸಿಡಿಯನ್ನು ಇನ್ನೊಂದು ಸಲೀಸಾಗಿ ಓದಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕಾಪಿ ಆದ ಮೇಲೆ ಎರಡು ಫೋಲ್ಡರ್ ಮಾಡಿ. ಒಂದಕ್ಕೆ ‘ಮೂಲ’, ಇನ್ನೊಂದಕ್ಕೆ ‘ಹೊಸದು’ ಎಂದು ಹೆಸರಿಡಿ. ‘ಮೂಲ’ದ ಫೈಲುಗಳಿಗೆ ಓದಲು ಮಾತ್ರ ಅನುಮತಿ ಕೊಡಿ. ಸ್ಕ್ರಿಪ್ಟ್ ಯಾವತ್ತೂ ‘ಹೊಸದು’ ಫೋಲ್ಡರಿನಲ್ಲೇ ಬರೆಯಬೇಕು. ಇದರಲ್ಲಿ ರಾಜಿ ಬೇಡ. ಬೇರೆ ಪ್ರತಿ ಇಲ್ಲದ ಫೋಟೋ ಇವು.

ಬೈಟ್ ಕಣ್ಣಿಗೆ ಬೀಳಲಿ

ಫೈಲು ಎಂದರೆ ಬೈಟುಗಳ ಸಾಲು, ಒಂದೊಂದು ಬೈಟೂ 0ಯಿಂದ 255ರವರೆಗಿನ ಒಂದು ಸಂಖ್ಯೆ. ಈಗ ಒಂದು ಡ್ಯಾಟ್ ಫೈಲಿನ ಮೊದಲ 16 ಬೈಟ್ ನೋಡೋಣ. ವಿಂಡೋಸ್‌ನಲ್ಲಿ ಎಚ್‌ಎಕ್ಸ್‌ಡಿ ಎಂಬ ಉಚಿತ ಹೆಕ್ಸ್ ಎಡಿಟರ್ ಸಾಕು. ಲಿನಕ್ಸ್‌ನಲ್ಲಿ ಎಕ್ಸ್‌ಎಕ್ಸ್‌ಡಿ ಆಜ್ಞೆ ಇದೆ. ಇವು ಹದಿನಾರರ ಲೆಕ್ಕದಲ್ಲಿ ತೋರಿಸುತ್ತವೆ. ನಾನು ಇಲ್ಲಿ ನಮ್ಮ ರೂಢಿಯ ಹತ್ತರ ಲೆಕ್ಕದಲ್ಲೇ ಬರೆಯುತ್ತೇನೆ. ಪೈಥಾನ್‌ನಲ್ಲಿ ಬೈಟುಗಳನ್ನು ಪಟ್ಟಿಯಾಗಿ ಮುದ್ರಿಸಿದರೂ ಹತ್ತರ ಲೆಕ್ಕದಲ್ಲೇ ಬರುತ್ತದೆ.

ಅತ್ತೆಯ ಸಿಡಿಯ ಮೊದಲ ಫೈಲು ಹೀಗೆ ಶುರುವಾಗಿತ್ತು:

165 130 165 187

ಎರಡನೇ ಫೈಲು? ಅದೂ 165 130 165 187. ಮೂರನೆಯದು, ನಾಲ್ಕನೆಯದು, ಹತ್ತನೆಯದು, ಎಲ್ಲ ಅದೇ. ಇದನ್ನು ನೋಡಿದಾಗಲೇ ನನಗೆ ಅರ್ಧ ಧೈರ್ಯ ಬಂತು. ಬೇರೆ ಬೇರೆ ಫೋಟೋಗಳು ಒಂದೇ ರೀತಿ ಶುರುವಾಗುತ್ತಿವೆ ಎಂದರೆ ಎಲ್ಲದರ ಮೇಲೂ ಒಂದೇ ಮುಸುಕು ಬಿದ್ದಿದೆ. ಮೊದಲನೆಯ ಮತ್ತು ಮೂರನೆಯ ಬೈಟ್ ಎರಡೂ 165 ಎಂಬುದನ್ನೂ ಗಮನಿಸಿ. ಇದು ಮುಂದೆ ಕೆಲಸಕ್ಕೆ ಬರುತ್ತದೆ.

ಪ್ರತಿಯೊಂದು ಜಾತಿಯ ಚಿತ್ರದ ಫೈಲಿಗೂ ಹಣೆಬರಹ ಇರುತ್ತದೆ. ಮೊದಲ ಕೆಲವು ಬೈಟ್ ಬದಲಾಗುವುದೇ ಇಲ್ಲ. ಜೆಪೆಗ್ ಯಾವಾಗಲೂ 255 216 255 ಎಂದು ಶುರುವಾಗುತ್ತದೆ. ನಾಲ್ಕನೆಯದು ಸಾಮಾನ್ಯವಾಗಿ 224 ಅಥವಾ 225. ಕ್ಯಾಮೆರಾದಿಂದ ನೇರ ಬಂದಿದ್ದರೆ 225 ಇರುವುದೇ ಜಾಸ್ತಿ. ಪಿಎನ್‌ಜಿ ಆದರೆ 137 80 78 71 13 10 26 10. ಜಿಫ್ 71 73 70 56. ಬಿಎಂಪಿ ಬರೀ ಎರಡು ಬೈಟ್, 66 77.

ಜೆಪೆಗ್‌ನಲ್ಲೂ ಮೊದಲನೆಯದು ಮತ್ತು ಮೂರನೆಯದು ಒಂದೇ, 255. ನಮ್ಮ ಫೈಲಿನಲ್ಲೂ ಹಾಗೇ. ಅಂದರೆ ಮುಸುಕಿನ ಹಿಂದೆ ಇರುವುದು ಜೆಪೆಗ್ ಎಂದು ಅನುಮಾನ ಬರುತ್ತದೆ.

ಹಾಕಿದ ಕೀಲಿಯೇ ತೆಗೆಯುವ ಕೀಲಿ

ಇಂಥ ಮುಸುಕಿಗೆ ಬಹುಪಾಲು ಜನ ಬಳಸುತ್ತಿದ್ದುದು ಎಕ್ಸಾರ್ ಎಂಬ ಲೆಕ್ಕ. ಮನೆಯ ಮೆಟ್ಟಿಲಿಗೆ ಕೆಳಗೊಂದು, ಮೇಲೊಂದು ಸ್ವಿಚ್ ಇರುತ್ತದಲ್ಲ, ಅದೇ ಇದು. ಯಾವ ಸ್ವಿಚ್ ಒತ್ತಿದರೂ ದೀಪದ ಸ್ಥಿತಿ ತಿರುವು ಮುರುವಾಗುತ್ತದೆ. ಅದನ್ನೇ ಇನ್ನೊಮ್ಮೆ ಒತ್ತಿದರೆ ಮೊದಲಿನಂತೆ ಆಗುತ್ತದೆ. ಒಂದು ಬೈಟಿನಲ್ಲಿ ಇಂಥ ಎಂಟು ದೀಪ. ಕೀಲಿಯಲ್ಲಿ ಎಲ್ಲಿ 1 ಇದೆಯೋ ಆ ದೀಪ ತಿರುಗುತ್ತದೆ, 0 ಇದ್ದಲ್ಲಿ ಸುಮ್ನೆ ಇರುತ್ತದೆ.

ನಮ್ಮ ಕಡೆ ಬಾಗಿಲಿಗೆ ಹಾಕುವುದಕ್ಕೂ ಕೀಲಿ ಅಂತೀವಿ, ಅದನ್ನು ತೆಗೆಯುವುದಕ್ಕೂ ಎಷ್ಟೋ ಸಲ ಕೀಲಿ ಅಂತಲೇ ಅಂತೀವಿ. ಬೆಂಗಳೂರಿನ ಗೆಳೆಯರು ಇದಕ್ಕೆ ಗೊಂದಲ ಪಡುತ್ತಾರೆ. ಆದರೆ ಎಕ್ಸಾರ್‌ಗೆ ಇದಕ್ಕಿಂತ ಸರಿಯಾದ ಮಾತು ಸಿಗುವುದಿಲ್ಲ. 90 ಎಂಬ ಸಂಖ್ಯೆಯಿಂದ ಮುಚ್ಚಿದ್ದರೆ ಅದೇ 90ರಿಂದ ತೆರೆಯುತ್ತದೆ. ಮುಚ್ಚುವುದಕ್ಕೆ ಒಂದು, ತೆರೆಯುವುದಕ್ಕೆ ಒಂದು ಎಂದು ಎರಡು ಲೆಕ್ಕ ಇಲ್ಲ.

ಹಾಗಾದರೆ ಆ ಸಂಖ್ಯೆ ಹುಡುಕುವುದು ಹೇಗೆ? ಮುಚ್ಚುವ ಮುಂಚೆ ಮೊದಲ ಬೈಟ್ 255 ಇತ್ತು ಎಂದು ಊಹಿಸಿದ್ದೇವೆ. ಈಗ 165 ಇದೆ. ಎರಡನ್ನೂ ಎಕ್ಸಾರ್ ಮಾಡಿದರೆ ಕೀಲಿ ಸಿಗುತ್ತದೆ:

11111111 (255)
10100101 (165)
01011010 (90)

ಮೇಲಿನ ಎರಡು ಸಾಲಿನಲ್ಲಿ ಅಂಕಿ ಒಂದೇ ಇದ್ದಲ್ಲಿ 0, ಬೇರೆ ಇದ್ದಲ್ಲಿ 1. ಅಷ್ಟೇ. 255ರಲ್ಲಿ ಎಲ್ಲವೂ 1 ಆಗಿರುವುದರಿಂದ ಜೆಪೆಗ್‌ಗೆ ಇನ್ನೂ ಸುಲಭದ ದಾರಿ ಇದೆ. 255ರಿಂದ ಮೊದಲ ಬೈಟ್ ಕಳೆಯಿರಿ. 255ರಲ್ಲಿ 165 ಹೋದರೆ 90. ಕಾಗದ ಪೆನ್ನು ಇದ್ದರೆ ಸಾಕು.

ಊಹೆ ನಿಜವೋ ಸುಳ್ಳೋ ಎಂದು ಎರಡನೇ ಬೈಟ್ ಹೇಳುತ್ತದೆ. 130 ಮತ್ತು 90 ಎಕ್ಸಾರ್ ಮಾಡಿದರೆ 216. ಸರಿ ಬಂತು. ಮೂರನೆಯದು 165, ಮತ್ತೆ 255. ನಾಲ್ಕನೆಯದು 187, ತೆರೆದರೆ 225. ಕ್ಯಾಮೆರಾದ ಜೆಪೆಗ್. ವಿಂಡೋಸ್‌ನ ಕ್ಯಾಲ್ಕ್ಯುಲೇಟರನ್ನು ಪ್ರೋಗ್ರಾಮರ್ ಮೋಡ್‌ಗೆ ಹಾಕಿದರೆ ಎಕ್ಸಾರ್ ಗುಂಡಿ ಸಿಗುತ್ತದೆ. ಕೋಡ್ ಬರೆಯುವ ಮುಂಚೆ ಒಂದು ಸಲ ಕೈಯಿಂದ ಮಾಡಿ ನೋಡಿ.

ನನಗೆ ತುಂಬ ಇಷ್ಟವಾದ ಉಪಾಯ ಇನ್ನೊಂದಿದೆ. ಕೀಲಿ ಗೊತ್ತಿಲ್ಲದಿದ್ದರೂ ಒಳಗಿರುವ ಚಿತ್ರ ಯಾವ ಜಾತಿ ಎಂದು ಹೇಳಬಹುದು. ಪಕ್ಕಪಕ್ಕದ ಎರಡು ಬೈಟಿಗೂ ಒಂದೇ ಕೀಲಿ ಹಾಕಿದ್ದರೆ, ಆ ಎರಡನ್ನು ಒಂದಕ್ಕೊಂದು ಎಕ್ಸಾರ್ ಮಾಡಿದಾಗ ಕೀಲಿ ತಾನೇ ಅಳಿಸಿ ಹೋಗುತ್ತದೆ. ಉಳಿಯುವುದು ಮೂಲ ಬೈಟುಗಳ ನಡುವಿನ ವ್ಯತ್ಯಾಸ ಮಾತ್ರ. ಮೊದಲ ಎರಡು ಬೈಟಿಗೆ ಹೀಗೆ ಮಾಡಿದಾಗ ಜೆಪೆಗ್‌ಗೆ ಯಾವಾಗಲೂ 39 ಬರುತ್ತದೆ. ಪಿಎನ್‌ಜಿಗೆ 217, ಜಿಫ್‌ಗೆ 14, ಬಿಎಂಪಿಗೆ 15. ನಮ್ಮ ಫೈಲಿನ 165 ಮತ್ತು 130 ಎಕ್ಸಾರ್ ಮಾಡಿ ನೋಡಿ. 39. ಈ ನಾಲ್ಕು ಸಂಖ್ಯೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಸ್ಕ್ರಿಪ್ಟ್ ಬರೆಯುವುದು

ಪೈಥಾನ್ 3ರಲ್ಲಿ ವೇರಿಯಬಲ್ ಹೆಸರನ್ನು ಕನ್ನಡದಲ್ಲೇ ಇಡಬಹುದು. ಇದು ಬಹಳ ಜನರಿಗೆ ಗೊತ್ತಿಲ್ಲ. ಕೆಳಗಿನ ಸಾಲುಗಳನ್ನು ಇದ್ದ ಹಾಗೇ ಬರೆದರೆ ಓಡುತ್ತವೆ:

ಜೆಪೆಗ್ = [255, 216, 255]
ಪಿಎನ್ಜಿ = [137, 80, 78, 71, 13, 10, 26, 10]
ಜಿಫ್ = [71, 73, 70, 56]
ಬಿಎಂಪಿ = [66, 77]

ಒಂದು ಎಚ್ಚರಿಕೆ. ಎರಡನೇ ಸಾಲಿನಲ್ಲಿ ‘ನ್ಜಿ’ ಒತ್ತಕ್ಷರವಾಗಿ ಬಂದಿರುವುದು ಬೇಕೆಂದೇ. ‘ಪಿಎನ್‌ಜಿ’ ಎಂದು ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸಬೇಕಾಗುತ್ತದೆ. ಹೆಸರಿನೊಳಗೆ ಆ ಅಕ್ಷರ ಇದ್ದರೆ ಪೈಥಾನ್ ಒಪ್ಪುವುದಿಲ್ಲ, ದೋಷ ತೋರಿಸುತ್ತದೆ. ಕಾಣದ ಅಕ್ಷರ ಆದ್ದರಿಂದ ತಪ್ಪು ಎಲ್ಲಿದೆ ಎಂದು ಗೊತ್ತಾಗದೆ ಹೊತ್ತು ಹೋಗುತ್ತದೆ.

ಈಗ ಪಾಥ್‌ಲಿಬ್ ಬಳಸಿ ‘ಮೂಲ’ ಫೋಲ್ಡರಿನ ಡ್ಯಾಟ್ ಫೈಲುಗಳನ್ನು ಒಂದೊಂದಾಗಿ ತೆಗೆದುಕೊಳ್ಳುವ ಲೂಪ್ ಹಾಕಿ. ಅದರ ರೀಡ್-ಬೈಟ್ಸ್‌ನಿಂದ ಪೂರ್ತಿ ಫೈಲು ಓದಿ, ‘ಕಡತ’ ಎಂಬ ಹೆಸರಿನಲ್ಲಿ ಇಟ್ಟುಕೊಳ್ಳಿ. ಮಾಮೂಲಿ ಓಪನ್ ಬಳಸುವುದಾದರೆ ಬೈನರಿ ಮೋಡ್‌ನಲ್ಲೇ ತೆರೆಯಬೇಕು. ಪಠ್ಯದ ಮೋಡ್‌ನಲ್ಲಿ ತೆರೆದರೆ ಕೆಲಸ ಅಲ್ಲೇ ಕೆಡುತ್ತದೆ.

ಲೂಪಿನ ಒಳಗೆ ಇನ್ನೊಂದು ಲೂಪ್ ಬರಬೇಕು, ಮೇಲಿನ ನಾಲ್ಕು ಗುರುತುಗಳ ಮೇಲೆ. ಪ್ರತಿಯೊಂದು ಗುರುತಿಗೂ ಮೊದಲು ಕೀಲಿ ಊಹಿಸಿ, ಆಮೇಲೆ ಉಳಿದ ಬೈಟುಗಳಿಂದ ಪರೀಕ್ಷೆ ಮಾಡಬೇಕು. ಜೆಪೆಗ್‌ಗೆ ಬಿಡಿಸಿ ಬರೆದರೆ ಹೀಗಿರುತ್ತದೆ:

ಕೀಲಿ = ಕಡತ[0] ^ 255
ಎರಡನೆಯದು = ಕಡತ[1] ^ ಕೀಲಿ == 216
ಮೂರನೆಯದು = ಕಡತ[2] ^ ಕೀಲಿ == 255

ಟೋಪಿಯಂತಿರುವ ಆ ಚಿಹ್ನೆಯೇ ಎಕ್ಸಾರ್. ಕೊನೆಯ ಎರಡೂ ನಿಜವಾದರೆ ಜೆಪೆಗ್. ಇಲ್ಲದಿದ್ದರೆ ಮುಂದಿನ ಗುರುತಿಗೆ ಹೋಗಬೇಕು. ಸಿ ಭಾಷೆಯಿಂದ ಬಂದವರು ಇಲ್ಲಿ ಆವರಣ ಹಾಕುವುದು ಲೇಸು. ಅಲ್ಲಿ ಸಮ-ಸಮ ಚಿಹ್ನೆ ಎಕ್ಸಾರ್‌ಗಿಂತ ಮೊದಲು ನಡೆಯುತ್ತದೆ, ಪೈಥಾನ್‌ನಲ್ಲಿ ಹಾಗಿಲ್ಲ.

ಈ ಪರೀಕ್ಷೆ ಬಿಡಲೇಬಾರದು. ಏಕೆಂದರೆ ಯಾವ ಫೈಲು ಕೊಟ್ಟರೂ ಮೊದಲ ಬೈಟಿನಿಂದ ಒಂದು ಕೀಲಿ ಬಂದೇ ಬರುತ್ತದೆ. ಹಾಲಿನ ಲೆಕ್ಕದ ಫೈಲು ಕೊಟ್ಟರೂ ಬರುತ್ತದೆ! ಅದು ನಿಜವಾದ ಕೀಲಿಯೋ ಅಲ್ಲವೋ ಎಂದು ಹೇಳುವುದು ಉಳಿದ ಬೈಟುಗಳು. ಜೆಪೆಗ್‌ನಲ್ಲಿ ಎರಡು ಬೈಟ್ ಸಾಕ್ಷಿ ಇದೆ. ಸುಮ್ನೆ ಕಾಕತಾಳೀಯವಾಗಿ ಅವು ಹೊಂದುವ ಸಾಧ್ಯತೆ 65,536ರಲ್ಲಿ ಒಂದು. ಪಿಎನ್‌ಜಿಯಲ್ಲಿ ಏಳು ಬೈಟ್ ಸಾಕ್ಷಿ, ಚಿಂತೆಯೇ ಇಲ್ಲ. ಬಿಎಂಪಿಯಲ್ಲಿ ಒಂದೇ ಒಂದು ಸಾಕ್ಷಿ, ಅಂದರೆ 256ರಲ್ಲಿ ಒಂದು ಸಲ ಮೋಸ ಹೋಗಬಹುದು. ಅದಕ್ಕೇ ಬಿಎಂಪಿಯನ್ನು ಕೊನೆಗೆ ನೋಡಿ, ಜೊತೆಗೆ ಇನ್ನೊಂದು ಪರೀಕ್ಷೆ ಸೇರಿಸಿ. ಅದರ ಮೊದಲ ಎರಡು ಬೈಟ್ ಆದ ಮೇಲಿನ ನಾಲ್ಕು ಬೈಟಿನಲ್ಲಿ ಫೈಲಿನ ಒಟ್ಟು ಗಾತ್ರ ಬರೆದಿರುತ್ತದೆ, ಚಿಕ್ಕ ಸ್ಥಾನದ ಬೈಟ್ ಮೊದಲು. ತೆರೆದ ಮೇಲೆ ಆ ಸಂಖ್ಯೆ ನಿಜವಾದ ಗಾತ್ರಕ್ಕೆ ಹೊಂದಿದರೆ ಬಿಎಂಪಿ.

ಕೀಲಿ ಸಿಕ್ಕ ಮೇಲೆ ಫೈಲಿನ ಎಲ್ಲ ಬೈಟಿಗೂ ಅದನ್ನು ಹಾಕಬೇಕು. ಒಂದೊಂದೇ ಬೈಟಿಗೆ ಲೂಪ್ ಹಾಕಿದರೂ ನಡೆಯುತ್ತದೆ, ಆದರೆ ಹಳೆ ಲ್ಯಾಪ್‌ಟಾಪ್‌ನಲ್ಲಿ ನೂರಾರು ಫೋಟೋ ಇದ್ದರೆ ಕಾಯಬೇಕಾಗುತ್ತದೆ. ಅದಕ್ಕಿಂತ ಒಳ್ಳೆಯ ದಾರಿ ಬೈಟ್ಸ್‌ಗೆ ಇರುವ ಟ್ರಾನ್ಸ್‌ಲೇಟ್. 0ಯಿಂದ 255ರವರೆಗಿನ ಪ್ರತಿ ಸಂಖ್ಯೆಗೂ ಕೀಲಿ ಹಾಕಿದ ಉತ್ತರವನ್ನು ಒಂದೇ ಸಲ ಲೆಕ್ಕ ಹಾಕಿ, 256 ಬೈಟಿನ ಕೋಷ್ಟಕ ಮಾಡಿಟ್ಟುಕೊಳ್ಳಿ. ಆ ಕೋಷ್ಟಕವನ್ನು ಟ್ರಾನ್ಸ್‌ಲೇಟ್‌ಗೆ ಕೊಟ್ಟರೆ ಇಡೀ ಫೈಲು ಒಂದೇ ಏಟಿಗೆ ತಿರುಗುತ್ತದೆ. ಮಗ್ಗಿ ಬಾಯಿಪಾಠ ಮಾಡಿದವರು ಪ್ರತಿ ಸಲ ಕೂಡಿಸುತ್ತಾ ಕೂರುವುದಿಲ್ಲವಲ್ಲ, ಹಾಗೆ.

ಬಂದ ಬೈಟುಗಳನ್ನು ‘ಹೊಸದು’ ಫೋಲ್ಡರಿನಲ್ಲಿ ರೈಟ್-ಬೈಟ್ಸ್‌ನಿಂದ ನೇರವಾಗಿ ಬರೆಯಿರಿ. ಹೆಸರು ಹಳೆಯದೇ ಇರಲಿ, ಕೊನೆಯ ಭಾಗ ಮಾತ್ರ ಸಿಕ್ಕ ಜಾತಿಗೆ ತಕ್ಕಂತೆ ಬದಲಾಗಲಿ. ಎಲ್ಲಕ್ಕೂ ಕಣ್ಣು ಮುಚ್ಚಿ ಜೆಪೆಗ್ ಎಂದು ಹೆಸರಿಡಬೇಡಿ.

ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ತೆರೆದ ಚಿತ್ರವನ್ನು ಪೈಥಾನ್‌ನಲ್ಲಿ ಚಿತ್ರದ ಕೆಲಸಕ್ಕೆ ಬಳಸುವ ಪಿಲ್ಲೋ ಲೈಬ್ರರಿಯಲ್ಲಿ ಓಪನ್ ಮಾಡಿ, ಅಲ್ಲಿಂದ ಜೆಪೆಗ್ ಆಗಿ ಸೇವ್ ಮಾಡುತ್ತಾರೆ. ಹಾಗೆ ಮಾಡಿದರೆ ಚಿತ್ರ ಇನ್ನೊಮ್ಮೆ ಕುಗ್ಗುತ್ತದೆ. ಪಿಲ್ಲೋ ಜೆಪೆಗ್‌ಗೆ ತಾನಾಗಿ ಇಟ್ಟುಕೊಳ್ಳುವ ಗುಣಮಟ್ಟ 75. ಇಳಕಲ್ ಸೀರೆಯ ಸಣ್ಣ ಚೌಕಡಿ, ಖಣದ ನೇಯ್ಗೆ, ಬಾಸಿಂಗದ ಮಣಿ, ಮೊದಲು ಕಲಸಿ ಹೋಗುವುದು ಇವೇ. ಜೊತೆಗೆ ಕ್ಯಾಮೆರಾ ಬರೆದಿಟ್ಟ ದಿನಾಂಕವೂ ಬಿದ್ದು ಹೋಗಬಹುದು. ಮುಸುಕು ತೆಗೆದರೆ ಕೆಳಗಿರುವುದೇ ಅಸಲಿ ಜೆಪೆಗ್. ಅದನ್ನು ಮತ್ತೆ ಸೇವ್ ಮಾಡುವ ಅಗತ್ಯವೇ ಇಲ್ಲ.

ಬಂತು ಎಂದು ನಂಬುವ ಮುಂಚೆ

ಪಿಲ್ಲೋ ಬೇಕಾಗುವುದು ಪರೀಕ್ಷೆಗೆ. ‘ಹೊಸದು’ ಫೋಲ್ಡರಿನ ಪ್ರತಿ ಚಿತ್ರವನ್ನೂ ತೆರೆದು ಲೋಡ್ ಮಾಡಿಸಿ. ವೆರಿಫೈ ಎಂಬುದೂ ಇದೆ, ಆದರೆ ಅದು ಚಿತ್ರವನ್ನು ಪೂರ್ತಿ ಬಿಡಿಸಿ ನೋಡುವುದಿಲ್ಲ. ಲೋಡ್ ಮಾಡಿದಾಗ ಮಾತ್ರ ಕೊನೆಯ ಸಾಲಿನವರೆಗೂ ಓದುತ್ತದೆ, ಫೈಲು ನಡುವೆಯೇ ತುಂಡಾಗಿದ್ದರೆ ದೂರು ಹೇಳುತ್ತದೆ. ದೂರು ಬಂದ ಫೈಲಿನ ಹೆಸರನ್ನು ಒಂದು ಪಟ್ಟಿಗೆ ಬರೆಸಿ, ಲೂಪ್ ಮುಂದೆ ಹೋಗಲಿ. ಒಂದು ಕೆಟ್ಟ ಫೈಲಿನಿಂದ ಉಳಿದ ಇನ್ನೂರು ನಿಲ್ಲಬಾರದು.

ಅತ್ತೆಯ ಸಿಡಿಯಲ್ಲಿ 203 ಜೆಪೆಗ್ ಬಂದವು. 6 ಪಿಎನ್‌ಜಿ ಬಂದವು, ಆಲ್ಬಂ ಪುಟದ ಹೂವಿನ ಅಂಚು ಅವು. ಉಳಿದ 5 ಬರಲಿಲ್ಲ. ಅದರಲ್ಲಿ ಒಂದು ಫೈಲು 19 30 105 ಎಂದು ಶುರುವಾಗಿತ್ತು. ಇದಕ್ಕೂ 90 ಹಾಕಿ ನೋಡಿದೆ. 73 68 51 ಬಂತು. ಎಂಪಿ3 ಹಾಡಿನ ಫೈಲಿನ ತಲೆಯ ಮೇಲೆ ಇರುವ ಗುರುತು ಅದು. ತೆರೆದರೆ ಶಹನಾಯಿ! ಆಲ್ಬಂ ಓಡುವಾಗ ಹಿಂದೆ ನುಡಿಯುತ್ತಿದ್ದದ್ದು. ಇನ್ನೊಂದು ಫೈಲು ಪುಟಗಳ ಕ್ರಮದ ಪಟ್ಟಿ. ಅದನ್ನೂ ಎಸೆಯಬೇಡಿ, ಯಾವ ಫೋಟೋ ಆದ ಮೇಲೆ ಯಾವುದು ಎಂದು ಅದರಿಂದ ತಿಳಿಯುತ್ತದೆ.

ಕೊನೆಯ ಮೂರು ಗೀರಿನ ಪೆಟ್ಟು ತಿಂದಿದ್ದವು. ಡಿಡಿ-ರೆಸ್ಕ್ಯೂ ಓದಲಾಗದ ಜಾಗವನ್ನು ಖಾಲಿ ಬಿಡುತ್ತದೆ, ಅಲ್ಲಿ ಸೊನ್ನೆಗಳ ಉದ್ದ ಸಾಲು ಕಾಣುತ್ತದೆ. ಸೊನ್ನೆಗೆ 90 ಹಾಕಿದರೆ 90 ಬರುತ್ತದೆ, ಅಂದರೆ ತೆರೆದ ಫೈಲಿನಲ್ಲಿ 90ರ ಸಾಲು. ಹಾಗೆ ಕಂಡರೆ ಸ್ಕ್ರಿಪ್ಟ್ ಮೇಲೆ ಸಿಟ್ಟಾಗಬೇಡಿ, ಸಿಡಿಯನ್ನೇ ಇನ್ನೊಮ್ಮೆ ಓದಿಸಿ. ಬೇರೆ ಡ್ರೈವ್‌ನಲ್ಲಿ ಎರಡು ಬಂದವು. ಮೂರನೆಯದು ಅರ್ಧ ಮಾತ್ರ. ಸುರಗಿಯ ಫೋಟೋ ಅದು, ಸುತ್ತ ಕಟ್ಟಿದ ನೂಲು ಮತ್ತು ತಂಬಿಗೆಗಳವರೆಗೆ ಸರಿಯಾಗಿದೆ, ಕೆಳಗೆಲ್ಲ ಬೂದಿ ಬಣ್ಣ. ಪಿಲ್ಲೋದಲ್ಲಿ ಅರ್ಧ ಮುರಿದ ಚಿತ್ರವನ್ನೂ ತೆರೆಯಲು ಅನುಮತಿ ಕೊಡುವ ಒಂದು ಸೆಟ್ಟಿಂಗ್ ಇದೆ, ಅದನ್ನು ಆನ್ ಮಾಡಿ ಇಷ್ಟನ್ನು ಉಳಿಸಿಕೊಂಡೆ.

ಮುಸುಕು ಬೇರೆ ಥರ ಇದ್ದರೆ

ಒಂದೇ ಬೈಟಿನ ಕೀಲಿ ಎಲ್ಲ ಕಡೆ ಇರುವುದಿಲ್ಲ. ಹಾವೇರಿಯ ಗೆಳೆಯನೊಬ್ಬ ಕೊಟ್ಟ ಸಿಡಿಯಲ್ಲಿ ಎಕ್ಸಾರ್ ಇರಲೇ ಇಲ್ಲ. ಫೋಟೋ ಮುಂದೆ 128 ಬೈಟಿನ ಕಸ ಸೇರಿಸಿದ್ದರು, ಅಷ್ಟೇ. ಅಂಥದ್ದಕ್ಕೆ 255 216 255 ಮೊದಲು ಎಲ್ಲಿ ಬರುತ್ತದೆ ಎಂದು ಹುಡುಕಿ, ಅಲ್ಲಿಂದ ಕೊನೆಯವರೆಗೂ ಕತ್ತರಿಸಿಕೊಂಡರೆ ಮುಗಿಯಿತು.

ಇಲ್ಲಿ ನಾನು ಒಂದು ದಿನ ಕಳೆದುಕೊಂಡೆ, ನೀವು ಕಳೆದುಕೊಳ್ಳಬೇಡಿ. ಜೆಪೆಗ್ 255 217 ಎಂದು ಮುಗಿಯುತ್ತದೆ. ಹಾಗಾಗಿ ಮೊದಲ 255 217 ಸಿಕ್ಕಲ್ಲಿ ಫೈಲನ್ನು ಕತ್ತರಿಸಿದೆ. ಫೋಲ್ಡರಿನಲ್ಲಿ ಎಲ್ಲ ಫೋಟೋದ ಪುಟ್ಟ ಚಿತ್ರ ಚೆನ್ನಾಗಿ ಕಾಣುತ್ತಿತ್ತು. ತೆರೆದರೆ ಏನೂ ಇಲ್ಲ! ಕಾರಣ ಹೀಗೆ. ಕ್ಯಾಮೆರಾ ತನ್ನ ಫೋಟೋದ ತಲೆಭಾಗದೊಳಗೆ ಸಾಮಾನ್ಯವಾಗಿ 160ಕ್ಕೆ 120 ಚುಕ್ಕೆಯ ಇನ್ನೊಂದು ಮರಿ ಜೆಪೆಗ್ ಇಟ್ಟಿರುತ್ತದೆ. ಮೊದಲು ಸಿಗುವ 255 217 ಆ ಮರಿಯ ಕೊನೆ, ತಾಯಿಯದಲ್ಲ. ಫೋಲ್ಡರ್ ತೋರಿಸುತ್ತಿದ್ದದ್ದೂ ಮರಿಯನ್ನೇ. ಆದ್ದರಿಂದ ಕೊನೆಯನ್ನು ಹುಡುಕಲು ಹೋಗಬೇಡಿ. ಕೊನೆಗೆ ಸ್ವಲ್ಪ ಕಸ ಉಳಿದರೂ ಜೆಪೆಗ್ ತೆರೆಯುತ್ತದೆ.

ಕೆಲವರು ಹಲವು ಬೈಟಿನ ಕೀಲಿಯನ್ನು ಸುತ್ತಿ ಸುತ್ತಿ ಹಾಕುತ್ತಾರೆ. ಆಗ 39ರ ಉಪಾಯ ನಡೆಯುವುದಿಲ್ಲ. ಆದರೆ ಹಣೆಬರಹ ಉದ್ದ ಇದ್ದಷ್ಟೂ ಕೀಲಿ ಉದ್ದಕ್ಕೆ ಸಿಗುತ್ತದೆ. ನಾಲ್ಕನೇ ಬೈಟ್ 224 ಇರುವ ಜೆಪೆಗ್ ಬಹುತೇಕ ಯಾವಾಗಲೂ 255 216 255 224 0 16 74 70 73 70 0 1 ಎಂದು ಇರುತ್ತದೆ. ಹನ್ನೆರಡು ಬೈಟ್ ಗೊತ್ತಿದ್ದ ಹಾಗಾಯಿತು. ನಿಮ್ಮ ಫೈಲಿನ ಮೊದಲ ಹನ್ನೆರಡನ್ನು ಇವುಗಳ ಜೊತೆ ಎಕ್ಸಾರ್ ಮಾಡಿ. ಬಂದ ಸಾಲಿನಲ್ಲಿ ಯಾವುದೋ ತುಣುಕು ಮರುಕಳಿಸಿದರೆ ಅದೇ ಕೀಲಿ. ಪಿಎನ್‌ಜಿಯಲ್ಲಂತೂ ಮೊದಲ ಹದಿನಾರು ಬೈಟ್ ಎಲ್ಲ ಫೈಲಿನಲ್ಲೂ ಒಂದೇ. ಎಂಟು ಬೈಟಿನ ಗುರುತು ಆದ ಮೇಲೆ 0 0 0 13 73 72 68 82 ಬರಲೇಬೇಕು.

ಈ ಹದಿನಾರು ಬೈಟಿನ ಗುಣ ಎಷ್ಟು ದೊಡ್ಡದು ಎಂದು ಒಂದು ಉದಾಹರಣೆ ಹೇಳುತ್ತದೆ. 2015ರಲ್ಲಿ ಬಂದ ಆರ್‌ಪಿಜಿ ಮೇಕರ್ ಎಂವಿ ಎಂಬ ಆಟ ಕಟ್ಟುವ ಸಾಧನ ಚಿತ್ರಗಳಿಗೆ ಮುಸುಕು ಹಾಕುವುದು ಹೀಗೆ: ಮುಂದೆ ಹದಿನಾರು ಬೈಟಿನ ಸುಳ್ಳು ತಲೆ, ಆಮೇಲೆ ನಿಜವಾದ ಪಿಎನ್‌ಜಿಯ ಮೊದಲ ಹದಿನಾರು ಬೈಟಿಗೆ ಮಾತ್ರ ಎಕ್ಸಾರ್. ಉಳಿದದ್ದೆಲ್ಲ ಇದ್ದ ಹಾಗೇ. ಆ ಹದಿನಾರು ಬೈಟ್ ಏನೆಂದು ಮೊದಲೇ ಗೊತ್ತಲ್ಲ! ನಿಮ್ಮದೇ ಆಟದ ಮೂಲ ಚಿತ್ರ ಕಳೆದುಹೋಗಿದ್ದರೆ ಕೀಲಿ ಇಲ್ಲದೆಯೂ ಸುಳ್ಳು ತಲೆ ತೆಗೆದು, ಆ ಹದಿನಾರನ್ನು ಕೈಯಿಂದ ಬರೆದು ವಾಪಸ್ ಪಡೆಯಬಹುದು. ವೀಚಾಟ್ ಆ್ಯಪ್‌ನ ಕಂಪ್ಯೂಟರ್ ಆವೃತ್ತಿಯೂ ಬಹಳ ವರ್ಷ ಚಿತ್ರಗಳನ್ನು ಒಂದೇ ಬೈಟಿನ ಎಕ್ಸಾರ್‌ನಲ್ಲಿ ಡ್ಯಾಟ್ ಮಾಡಿ ಇಡುತ್ತಿತ್ತು.

ನಿಜವಾದ ಎನ್‌ಕ್ರಿಪ್ಶನ್, ಅಂದರೆ ಗಟ್ಟಿ ಬೀಗ, ಇದ್ದರೆ ಈ ಯಾವ ಉಪಾಯವೂ ನಡೆಯುವುದಿಲ್ಲ. ಅದನ್ನು ಬೇಗ ಗುರುತಿಸಿದರೆ ನಿಮ್ಮ ಹೊತ್ತು ಉಳಿಯುತ್ತದೆ. ಪ್ರತಿ ಫೈಲಿನ ಮೊದಲ ಬೈಟುಗಳೂ ಒಂದಕ್ಕೊಂದು ಸಂಬಂಧ ಇಲ್ಲದಂತೆ ಬೇರೆ ಬೇರೆ ಇದ್ದರೆ ಅನುಮಾನ ಪಡಿ. ಎಲ್ಲ ಫೈಲಿನ ಗಾತ್ರವೂ 16ರಿಂದ ನಿಶ್ಶೇಷವಾಗಿ ಭಾಗವಾದರೆ ಅನುಮಾನ ಇನ್ನೂ ಗಟ್ಟಿ. ಆಗ ಉಳಿದ ದಾರಿ ಹಳೆಯ ವಿಂಡೋಸ್ ಎಕ್ಸ್‌ಪಿ ಇರುವ ಕಂಪ್ಯೂಟರ್ ಹುಡುಕಿ, ಸಿಡಿಯಲ್ಲಿದ್ದ ಆಲ್ಬಂ ಪ್ರೋಗ್ರಾಮನ್ನೇ ಓಡಿಸುವುದು.

ದಿನಾಂಕ, ಹೆಸರು, ಹಂಚುವುದು

ಬಿಡಿಸಿದ ಫೈಲುಗಳಿಗೆ ಇವತ್ತಿನ ದಿನಾಂಕ ಬಿದ್ದಿರುತ್ತದೆ. ಫೋನಿಗೆ ಹಾಕಿದರೆ 2007ರ ಮದುವೆ ಮೊನ್ನೆಯ ಫೋಟೋಗಳ ನಡುವೆ ಕೂರುತ್ತದೆ. ಚಿತ್ರದೊಳಗೆ ಕ್ಯಾಮೆರಾ ಬರೆದ ದಿನಾಂಕ 36867 ಎಂಬ ಸಂಖ್ಯೆಯ ಜಾಗದಲ್ಲಿ ಇರುತ್ತದೆ. ಪಿಲ್ಲೋದಲ್ಲಿ 34665 ಎಂಬ ಉಪವಿಭಾಗದ ಒಳಗೆ ಹೋಗಿ ಅದನ್ನು ಓದಿ, ಫೈಲಿನ ದಿನಾಂಕವನ್ನು ಅದಕ್ಕೆ ಸರಿ ಮಾಡಿ. ಹೆಸರಿನ ಮುಂದೆಯೂ ದಿನಾಂಕ ಮತ್ತು ಸಮಯ ಸೇರಿಸಿದರೆ ಫೋಟೋಗಳು ತಾವೇ ಸಾಲಾಗಿ ನಿಲ್ಲುತ್ತವೆ. ಹಂದರ ಹಾಕುವುದು, ಸುರಗಿ, ಅಕ್ಕಿಕಾಳು, ಊಟದ ಪಂಕ್ತಿ, ಸಂಜೆ ತ್ರಿಕೂಟೇಶ್ವರ ಗುಡಿ ಮುಂದೆ ನಿಂತ ಹೊಸ ಜೋಡಿ, ಎಲ್ಲ ನಡೆದ ಕ್ರಮದಲ್ಲಿ. ಕ್ಯಾಮೆರಾದ ಗಡಿಯಾರ ತಪ್ಪಿದ್ದರೆ ಲಗ್ನಪತ್ರಿಕೆ ನೋಡಿ ಎಷ್ಟು ದಿನ, ಎಷ್ಟು ತಾಸು ವ್ಯತ್ಯಾಸ ಎಂದು ಲೆಕ್ಕ ಹಾಕಿ, ಎಲ್ಲಕ್ಕೂ ಅಷ್ಟನ್ನೇ ಕೂಡಿಸಿ.

ಮನೆಯವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೋ ಎಂದು ಕಳಿಸಬೇಡಿ, ಅದು ಚಿತ್ರವನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ. ಎಲ್ಲಕ್ಕಿಂತ ಒಳ್ಳೆಯದು ಎರಡು ಪೆನ್‌ಡ್ರೈವ್, ಎರಡು ಬೇರೆ ಮನೆಯಲ್ಲಿ.

ನಾನು ಪೆನ್‌ಡ್ರೈವ್ ತೆಗೆದುಕೊಂಡು ಬೆಟಗೇರಿಗೆ ಹೋದೆ. ಟಿವಿಗೆ ಹಾಕಿದ ಮೇಲೆ ಅತ್ತೆ ಮದುಮಗಳನ್ನು ನೋಡಲಿಲ್ಲ. 87ನೇ ಫೋಟೋದಲ್ಲಿ ನಿಲ್ಲಿಸು ಎಂದರು. ಹಂದರದ ಮೂಲೆಯಲ್ಲಿ ಒಬ್ಬ ಮುದುಕಿ, ತಲೆ ಮೇಲೆ ಸೆರಗು, ಮುಷ್ಟಿಯಲ್ಲಿ ಅಕ್ಕಿಕಾಳು, ಕೈ ಇನ್ನೂ ಮೇಲೆತ್ತುತ್ತಿದ್ದಾಳೆ. ನಮ್ಮ ಅಜ್ಜಿ. "ಇದನ್ನ ದೊಡ್ಡದು ಮಾಡಿ ಕಟ್ಟು ಹಾಕಿಸಿಕೊಂಡು ಬಾ" ಎಂದರು. ಆ ಫೈಲನ್ನು ಗುಣಮಟ್ಟ ಕುಗ್ಗಿಸದೆ ಇದ್ದ ಹಾಗೇ ಗದಗಿನ ಪ್ರಿಂಟ್ ಅಂಗಡಿಗೆ ಕೊಟ್ಟೆ.